ಲಾಳಿಯ ಸರದಿ

ಜೂನ್ 14, 1999. ಸೋಮವಾರ, ಮಧ್ಯಾಹ್ನ

ಮತ್ತೆ ಕರೆಂಟ್ ಹೋಯಿತು. ಯುಪಿಎಸ್ ಕುಂಯ್ ಕುಂಯ್ ಎನ್ನುತ್ತಿದೆ. ನನ್ನ ಕಂಪ್ಯೂಟರಿಗೂ ಮೋಡೆಮ್ಮಿಗೂ ಮಾತ್ರ ಅದರ ದಯೆ. ಗಿರಾಕಿಗಳು ಇಂಟರ್ನೆಟ್ ನೋಡಲು ಕೂರುವ ಹಿಂದಿನ ಪ್ಲೈವುಡ್ ಕ್ಯಾಬಿನ್ನುಗಳಲ್ಲಿರುವ ಮೂರೂ ಆರಿಹೋದವು. ಯುದ್ಧದ ಸುದ್ದಿ ಓದುತ್ತಿದ್ದ ಕಾಲೇಜು ಹುಡುಗರು ಬೈದುಕೊಂಡು ಎದ್ದು ಹೋದರು. ಬೀದಿಯ ಮಗ್ಗಗಳೂ ನಿಂತಿವೆ. ದೊಡ್ಡಬಳ್ಳಾಪುರದಲ್ಲಿ ಪಕ್ಕದ ಮನೆಯ ಮಾತು ಕೇಳಿಸುವುದು ಇಂಥ ಹೊತ್ತಿನಲ್ಲೇ.

ಎರಡು ಮದುವೆ ಕಾರ್ಡಿನ ಡಿಟಿಪಿ ಬಾಕಿ. ಮನಸ್ಸಿಲ್ಲ. ಇವತ್ತು ಚಾಟ್ ರೂಮಿನ ಆಟವೂ ಸಪ್ಪೆ. ವೇಣುಗೋಪಾಲ್ — ದಾಬಸ್‌ಪೇಟೆಯ ಫ್ಯಾಕ್ಟರಿ ಆಫೀಸಿನಿಂದ ಕದ್ದು ಬರುವವನು, ನಮ್ಮ ಕೋಟೆಯ ದಳವಾಯಿ — ಮತ್ತೆ ಅದೇ ಎದೆಯ ಗಾಯ ತೋರಿಸಿದ. ಪಾತ್ರಕ್ಕೊಂದು ಪೂರ್ವಕಥೆ ಬರೆಯಿರಿ ಎಂದರೆ ಎಲ್ಲರೂ ಅನಾಥರೇ. ಎಲ್ಲರ ಅಪ್ಪನನ್ನೂ ಶತ್ರುಗಳೇ ಕೊಂದಿರಬೇಕು. ಮೇಘನ ವಾಸಿ. ಬೆಂಗಳೂರಿನಲ್ಲಿ ಬಿ.ಎ. ಓದುವ ಹುಡುಗಿ, ಆಟದಲ್ಲಿ ಗೂಢಚಾರಿಣಿ. ಸುಳ್ಳನ್ನು ನೀಟಾಗಿ ಹೇಳುತ್ತಾಳೆ.

ಆಟ ನನ್ನದು. ಚಾಟ್ ರೂಮ್ ನನ್ನದು, ಹೆಸರು 'ದುರ್ಗ'. ಮಾಕಳಿದುರ್ಗದಂಥ ಒಂದು ಕೋಟೆ, ಸುತ್ತ ಮುತ್ತಿಗೆ, ಒಳಗೆ ಸಿಕ್ಕಿಕೊಂಡ ಜನ. ಒಬ್ಬೊಬ್ಬರದು ಒಂದೊಂದು ಪಾತ್ರ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುತ್ತ ಕಥೆ ಕಟ್ಟುತ್ತೇವೆ. ನಾನು ಸೂತ್ರಧಾರ. ವಾರಕ್ಕೊಬ್ಬರ ಸರದಿ. ಆ ವಾರ ಬೆಳಕೆಲ್ಲ ಅವರ ಮೇಲೆ. ಉಳಿದವರು ಸುತ್ತ ನಿಂತು ಮಾತು ಕೊಡಬೇಕು. ಸುಮ್ಮನೆ ನೋಡಲು ಬರುವವರು ಪ್ರೇಕ್ಷಕರು. ಅವರಿಗೆ ಒಂದೇ ಹಕ್ಕು — 'ಒನ್ಸ್ ಮೋರ್' ಅನ್ನುವುದು. ಅಂದರೆ ಅದೇ ದೃಶ್ಯವನ್ನು ಇನ್ನಷ್ಟು ಬಿಡಿಸಿ ಮತ್ತೆ ಹೇಳಲೇಬೇಕು.

ಅದು ಚೌಡಯ್ಯ ಮಾವನಿಂದ ಕದ್ದದ್ದು. ಮಾವ ಹಾರ್ಮೋನಿಯಂ ಮೇಷ್ಟ್ರು, ಸುತ್ತಲ ಹಳ್ಳಿಗಳಿಗೆಲ್ಲ ನಾಟಕ ಕಲಿಸುತ್ತಾರೆ. ಅವರ ಸ್ಟೇಜಿನಲ್ಲಿ ಸತ್ತು ಬಿದ್ದವನೂ ಜನ ಒನ್ಸ್ ಮೋರ್ ಎಂದರೆ ಎದ್ದು, ಮೀಸೆ ಸರಿ ಮಾಡಿಕೊಂಡು, ಇನ್ನೊಂದು ಸಲ ಹಾಡಿ ಸಾಯಬೇಕು. ನನಗೆ ಮಾವ ಒಂದು ಪಾತ್ರವನ್ನೂ ಕೊಡಲಿಲ್ಲ. ನನ್ನ ಗಂಟಲು ಸರಿಯಿಲ್ಲವಂತೆ. ಇರಲಿ. ಇಲ್ಲಿ ಗಂಟಲು ಬೇಕಿಲ್ಲ.

ಜೂನ್ 17, ಗುರುವಾರ

ಹೊಸಬಳು ಬಂದಳು. ಹೆಸರು 'ಲಾಳಿ'. ಊರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಪೂರ್ವಕಥೆ ಕಳಿಸಿದಳು. ಓದುತ್ತ ಟೀ ಆರಿಹೋಯಿತು.

"ನಾನು ಕೋಟೆಯೊಳಗಿನ ನೇಕಾರರ ಮನೆ ಸೊಸೆ. ಎರಡನೆಯವಳು. ಮೊದಲನೆಯವಳು ಸುಟ್ಟುಹೋದಳು. ಅವಳು ನೇಯುತ್ತಿದ್ದ ಸೀರೆ ಇನ್ನೂ ಮಗ್ಗದ ಮೇಲೇ ಇದೆ, ಯಾರೂ ಕತ್ತರಿಸಿಲ್ಲ. ಅತ್ತೆ ನನ್ನನ್ನು ಅದೇ ಮಗ್ಗಕ್ಕೆ ಕೂರಿಸಿದ್ದಾರೆ. ಅವಳ ಕೈ ಎಲ್ಲಿ ನಿಂತಿತೋ ಅಲ್ಲಿಂದ ಮುಂದುವರಿಸು ಅಂದಿದ್ದಾರೆ."

ಇಷ್ಟೇ. ಗಾಯ ಇಲ್ಲ, ಶಪಥ ಇಲ್ಲ. ಇದು ಕಥೆ! ಮುಂದಿನ ವಾರ ಇವಳದೇ ಸರದಿ. ವೇಣು ಮುಖ ಊದಿಸಿಕೊಳ್ಳುತ್ತಾನೆ. ಊದಿಸಿಕೊಳ್ಳಲಿ.

ಜೂನ್ 23, ಬುಧವಾರ

ಲಾಳಿ ರಂಗಕ್ಕೆ ಬಂದಳು. ಮುತ್ತಿಗೆಯಿಂದ ಕೋಟೆಯಲ್ಲಿ ದೀಪಕ್ಕೂ ಎಣ್ಣೆಯಿಲ್ಲ. ಆದರೆ ಅವಳ ಮನೆಯ ಅಂಗಳಕ್ಕೆ ತುಂಬಿದ ಎಣ್ಣೆ ಕೊಡವೊಂದು ಬಂದಿದೆ. ಯಾಕೆ ಎಂದು ಯಾರೂ ಹೇಳುತ್ತಿಲ್ಲ. ಅವಳೂ ಕೇಳುತ್ತಿಲ್ಲ.

'ರಸಿಕ' ಎಂಬ ಪ್ರೇಕ್ಷಕ ಮೊದಲು ಕೂಗಿದ — ಒನ್ಸ್ ಮೋರ್. ಆಮೇಲೆ ಎಲ್ಲರೂ.

ಲಾಳಿ ಒಪ್ಪಿದಳು. ಮತ್ತೆ ಹೇಳಿದಳು. ಈ ಸಲ ಕೊಡ ಅಂಗಳದಲ್ಲಿಲ್ಲ, ಪಡಸಾಲೆಗೆ ಬಂದಿದೆ. ಎಂಥ ಕೈ ಇವಳದು!

ಜೂನ್ 30, ಬುಧವಾರ

ಈ ವಾರವೂ ಲಾಳಿಗೇ ಕೊಟ್ಟೆ. ಪ್ರೇಕ್ಷಕರು ತುಂಬಿದ್ದರು, ಕಾಲೇಜು ಹುಡುಗರು ಬೇರೆ ಊರುಗಳ ಗೆಳೆಯರಿಗೂ ಹೇಳಿದ್ದಾರೆ. ವೇಣು ಜಗಳ ತೆಗೆದ. "ಏನ್ ಗುರು, ಆಟ ಎಲ್ರುದು ಅಂದಿದ್ದೆ. ಈಗ ನಾವೆಲ್ಲ ಅವ್ಳಿಗೆ ದೀಪ ಹಿಡಿಯೋರಾ?" ಎಂದು ಟೈಪ್ ಮಾಡಿದ. ಮೂರು ದಿನ ಬರುವುದಿಲ್ಲವಂತೆ.

ಕೊಡ ಈಗ ಅಡುಗೆಮನೆಯ ಹೊಸ್ತಿಲಲ್ಲಿದೆ. ಒನ್ಸ್ ಮೋರ್ ಸುರಿಮಳೆ.

ಮೇಘನ ಮಾತ್ರ ನಮ್ಮಿಬ್ಬರಿಗೇ ಕಾಣುವ ಬೇರೆ ಕಿಟಕಿಯಲ್ಲಿ ಬರೆದಳು: "ಯೋಗಾ, ಒಂದ್ ವಿಷ್ಯ. ನಾವೆಲ್ಲ ಕಥೆ ಹೇಳುವಾಗ ಸ್ವಲ್ಪ ಜಾಸ್ತಿ ಹೇಳ್ತೀವಿ. ಇವ್ಳು ಕಡಿಮೆ ಹೇಳ್ತಾಳೆ. ನನಗೆ ಯಾಕೋ ಭಯ ಆಗ್ತಿದೆ ಕಣೋ." ಅದೇ ಒಳ್ಳೆ ಬರವಣಿಗೆ ಎಂದು ಪಾಠ ಹೇಳಿದೆ.

ಜುಲೈ 6, ಮಂಗಳವಾರ

ಬಿಸಿಲು. ವ್ಯಾಪಾರ ಸಾಧಾರಣ. ಮೂರನೇ ಕ್ಯಾಬಿನ್ನಿಗೆ ಮುನಿಕೃಷ್ಣ ಬಂದಿದ್ದ. ಸೀರೆ ವ್ಯಾಪಾರದ ಚಿನ್ನಸ್ವಾಮಿಯವರ ಮಗ. ಹೋದ ವರ್ಷ ಅವನ ಎರಡನೇ ಮದುವೆಯ ಕಾರ್ಡ್ ನಾನೇ ಮಾಡಿಕೊಟ್ಟಿದ್ದೆ. ಮನೆಯಲ್ಲೇ ಕಂಪ್ಯೂಟರ್ ಇದೆ, ಇಂಟರ್ನೆಟ್ಟೂ ಇದೆ. ಆದರೂ ಒಂದು ತಿಂಗಳಿನಿಂದ ಮದ್ರಾಸಿನ ಗಿರಾಕಿಗಳಿಗೆ ಮೇಲ್ ಕಳಿಸಲು ಇಲ್ಲಿಗೇ ಬರುತ್ತಾನೆ. ಮಗ್ಗದ ಸದ್ದಿನಲ್ಲಿ ತಲೆ ಓಡುವುದಿಲ್ಲವಂತೆ. ಗಲಾಟೆ ಇಲ್ಲದ ಗಿರಾಕಿ, ಗಂಟೆಗಟ್ಟಲೆ ಕೂರುತ್ತಾನೆ. ಇಂಥವರು ನಾಲ್ಕು ಜನ ಇದ್ದರೆ ಸಾಕು.

ಜುಲೈ 9, ಶುಕ್ರವಾರ. ಸಂಜೆ

ಮಧ್ಯಾಹ್ನ ಲಾಳಿ ಹೇಳುತ್ತಿದ್ದಳು. ಕೊಡದ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ ಎಂಬಲ್ಲಿಗೆ ಬಂದಿದ್ದಳು. ಅಷ್ಟರಲ್ಲಿ ಇಲ್ಲಿ ಟ್ಯೂಬ್‌ಲೈಟ್ ಆರಿತು. ಬೀದಿಯ ಮಗ್ಗಗಳು ಒಟ್ಟಿಗೇ ನಿಂತವು. ಸ್ಕ್ರೀನಿನಲ್ಲಿ ಎರಡು ಸಾಲು ಬಂತು: ಲಾಳಿ ಹೊರಟರು. ರಸಿಕ ಹೊರಟರು.

ಕಾಕತಾಳೀಯ ಅಂದುಕೊಂಡೆ. ಕರೆಂಟ್ ಬಂತು. ಮಗ್ಗಗಳು ಶುರುವಾದವು. ಕಂಪ್ಯೂಟರ್ ಹೊತ್ತಿಸಿ ಫೋನ್ ಹಚ್ಚುವಷ್ಟು ಹೊತ್ತು ಕಳೆದ ಮೇಲೆ ಲಾಳಿ ವಾಪಸ್ ಬಂದಳು. "ಕ್ಷಮಿಸಿ, ಕೋಟೆಯಲ್ಲಿ ಕತ್ತಲಾಯಿತು" ಎಂದಳು.

ನನ್ನ ಬೀದಿಗೆ ಬರುವ ಲೈನೇ ಅವಳ ಮನೆಗೂ ಹೋಗುತ್ತದೆ. ಅವಳು ಇದೇ ಊರಿನವಳು. ಇದೇ ಮಗ್ಗಗಳ ನಡುವೆ ಕೂತು ಬರೆಯುತ್ತಿದ್ದಾಳೆ.

ಜುಲೈ 10, ಶನಿವಾರ

ಅಮ್ಮನನ್ನು ಸುತ್ತಿಬಳಸಿ ಕೇಳಿದೆ. ನಮ್ಮ ಕಡೆ ಸೀರೆಯ ಜಕಾರ್ಡ್ ಡಿಸೈನಿಗೆ ಮನೆಯಲ್ಲಿ ಕಂಪ್ಯೂಟರ್ ಇಟ್ಟವರು ಯಾರು? ಅಮ್ಮ ಅವರೆಕಾಳು ಆರಿಸುತ್ತಿದ್ದಳು. ಚಿನ್ನಸ್ವಾಮಿ ಮನೆ ಒಂದೇ, ಇನ್ಯಾರಿಗೆ ಬೇಕು ಅಂದಳು. ಡಿಸೈನ್ ಮಾಡುವುದು ಹೊಸ ಸೊಸೆಯಂತೆ, ಓದಿದ ಹುಡುಗಿಯಂತೆ, ಹೊರಗೆ ಕಾಣುವುದೇ ಇಲ್ಲವಂತೆ. ಹಳೇ ಸೊಸೆಗೆ ಏನಾಗಿತ್ತು ಎಂದೆ. ಅಮ್ಮನ ಕೈ ನಿಂತಿತು.

"ಸ್ಟವ್ ಸಿಡೀತು ಅಂದ್ರು. ಗ್ಯಾಸ್ ಇರೋ ಮನೇಲಿ ಆ ಮಗೂಗೆ ಸ್ಟವ್ ಯಾಕ್ ಬೇಕಾಗಿತ್ತು ಅಂತ ಯಾರೂ ಕೇಳ್ಲಿಲ್ಲ ಕಣೋ. ನಾನೂ ಕೇಳ್ಲಿಲ್ಲ."

ಕಾರ್ಡು ನೆನಪಾಯಿತು. ಹುಡುಗಿಯ ಹೆಸರು ವಾಣಿ. ಸೂಲಿಬೆಲೆಯವಳು. ಹೆಸರಿನ ಸುತ್ತ ಬಳ್ಳಿ ಹಾಕು ಎಂದು ಮುನಿಕೃಷ್ಣ ಹಟ ಹಿಡಿದಿದ್ದ, ಹಾಕಿಕೊಟ್ಟಿದ್ದೆ.

ಎಣ್ಣೆ ಕೊಡ ಅಂದರೆ ಸೀಮೆಎಣ್ಣೆ ಕ್ಯಾನು. ಅದು ನಿಜವಾಗಿಯೂ ಜಾಗ ಬದಲಿಸುತ್ತಿದೆ. ಅವಳು ಅದನ್ನು ಯಾರಿಗಾದರೂ ಹೇಳಬೇಕಿತ್ತು, ನಮಗೆ ಹೇಳಿದಳು. ನಾವು ಒನ್ಸ್ ಮೋರ್ ಅಂದೆವು.

ಜುಲೈ 16, ಶುಕ್ರವಾರ

ಇದನ್ನು ಬರೆಯಲು ನಾಚಿಕೆ. ಇವತ್ತು ಎಲ್ಲ ಗೊತ್ತಿದ್ದೂ ಅವಳಿಗೆ ರಂಗ ಬಿಟ್ಟೆ. ನಿಲ್ಲಿಸಿದರೆ ಅವಳಿಗೆ ಅನುಮಾನ ಬರುತ್ತದೆ ಎಂದು ಸಮಾಧಾನ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ — ರೂಮು ತುಂಬಿತ್ತು, ಎಲ್ಲರೂ ಸೂತ್ರಧಾರ, ಸೂತ್ರಧಾರ ಎನ್ನುತ್ತಿದ್ದರು. ನನಗೆ ಅದು ಬೇಕಿತ್ತು. ಥೂ.

ಕೊಡ ಒಲೆಯ ಹಿಂದಿದೆ.

ಜುಲೈ 20, ಮಂಗಳವಾರ

ಧೈರ್ಯ ಮಾಡಿ ಬೇರೆ ಕಿಟಕಿ ತೆರೆದೆ. "ನೀವು ಚೆನ್ನಾಗಿದ್ದೀರಾ? ನಾನು ಇದೇ ಊರು. ನನಗೆ ಗೊತ್ತಾಗಿದೆ" ಎಂದು ಬರೆದೆ. ಅವಳು ಹೋದಳೇನೋ ಅಂದುಕೊಂಡೆ. ಆಮೇಲೆ ಉತ್ತರ ಬಂತು:

"ಮಾತಾಡೋದಿದ್ರೆ ಕಥೇಲೇ ಮಾತಾಡಿ. ಯಾರಾದ್ರೂ ಬೆನ್ನ ಹಿಂದೆ ಬಂದು ನಿಂತ್ರೆ ನಾಟಕ ಅಂತ ಹೇಳಬಹುದು. ಈ ಕಿಟಕಿ ನೋಡಿದ್ರೆ ಏನಂತ ಹೇಳಲಿ?"

ಕಿಟಕಿ ಮುಚ್ಚಿದಳು. ದೊಡ್ಡ ರೂಮಿಗೆ ವಾಪಸ್ ಬಂದೆ. ಸೂತ್ರಧಾರನ ಗತ್ತಿನಲ್ಲೇ ಕೇಳಿದೆ, ಲಾಳಿಗೆ ತವರಿಲ್ಲವೇ ಎಂದು. "ಅಣ್ಣ ಇದ್ದಾನೆ. ನೋಡಲು ಬಂದಿದ್ದ. ಹೆಬ್ಬಾಗಿಲಲ್ಲೇ ಬೈದು ಅಟ್ಟಿದರು. ಕೋಟೆ ದಾಟಿದರೆ ಕರೆದುಕೊಂಡು ಹೋಗುತ್ತಾನೆ" ಎಂದಳು.

ಪ್ರೇಕ್ಷಕರು ಚಪ್ಪಾಳೆ ಹೊಡೆದರು. ಅವರಿಗೇನು ಗೊತ್ತು.

ಜುಲೈ 24, ಶನಿವಾರ

ಸ್ಟೇಷನ್ನಿಗೆ ಹೋಗೋಣ ಎಂದು ಅರ್ಧ ದಾರಿ ಹೋದೆ. ಏನಂತ ಹೇಳಲಿ? ಕಥೆಯಲ್ಲಿ ಒಂದು ಕೊಡ ಇದೆ ಅಂತಲೇ? ಮೊದಲನೆಯವಳ ಕೇಸನ್ನು ಸ್ಟವ್ ಎಂದು ಬರೆದು ಮುಗಿಸಿದವರು ಅವರೇ. ವಾಪಸ್ ಬಂದೆ.

ಸೂಲಿಬೆಲೆಯಲ್ಲಿರುವ ವಾಣಿಯ ಅಣ್ಣನ ನಂಬರ್ ಹುಡುಕಿ ಫೋನ್ ಮಾಡಿದೆ. ಅತ್ತುಬಿಟ್ಟ. "ಅವ್ಳು ಹೊಸ್ತಿಲು ದಾಟಿ ಬಂದ್ರೆ ಸಾಕು ಸಾರ್, ಮಿಕ್ಕಿದ್ದು ನಾನ್ ನೋಡ್ಕೊಂತೀನಿ" ಎಂದ.

ಆಮೇಲೆ ಚೌಡಯ್ಯ ಮಾವನಿಗೆ ಎಲ್ಲ ಹೇಳಿದೆ. ಹಾರ್ಮೋನಿಯಂ ಮುಚ್ಚಿಟ್ಟು ಕೇಳಿದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ.

"ಲೇ ಯೋಗಾ, ಒನ್ಸ್ ಮೋರ್ ಅನ್ನೋದು ಜನದ ಕೆಲ್ಸ, ಅಂತಾರೆ. ಬಿದ್ದೋನು ಎದ್ದೇಳ್ತಾನೋ ಇಲ್ವೋ ಅಂತ ನೋಡೋದು ಮೇಷ್ಟ್ರ ಕೆಲ್ಸ. ಎದ್ದೇಳಲ್ಲ ಅನ್ಸಿದ್ರೆ ಪರದೆ ಬಿಟ್ಬಿಡ್ಬೇಕು. ನೀನ್ ಇನ್ನೂ ಯಾಕ್ ಬಿಟ್ಟಿಲ್ಲ?"

ನಾಟಕದ ಸಾಮಾನು ಸಾಗಿಸುವ ವ್ಯಾನು ನಾನೇ ತರುತ್ತೇನೆ, ದಿನ ಹೇಳು ಎಂದರು.

ಜುಲೈ 30, ಶುಕ್ರವಾರ

ದಿನವನ್ನು ಅವಳೇ ಕೊಟ್ಟಳು. ರಂಗದ ಮೇಲೆ, ಎಲ್ಲರ ಎದುರಿಗೆ.

"ಬರುವ ಅಮಾವಾಸ್ಯೆಗೆ ಸೂರ್ಯನಿಗೆ ಗ್ರಹಣ. ಮಗ್ಗಕ್ಕೆ ರಜ. ಗ್ರಹಣ ಹಿಡಿದ ಹೊತ್ತಿಗೆ ಮನೆಯವರೆಲ್ಲ ದೇವರ ಕೋಣೆಯಲ್ಲಿ ಕದ ಹಾಕಿಕೊಳ್ಳುತ್ತಾರೆ. ಬೀದಿಯಲ್ಲಿ ಕಾಗೆಯೂ ಇರುವುದಿಲ್ಲ. ಹಿತ್ತಲ ದಿಡ್ಡಿ ಬಾಗಿಲಿಗೆ ಬೀಗವಿಲ್ಲ, ಅಗುಳಿ ಮಾತ್ರ."

ಆಗಸ್ಟ್ 11. ಪೇಪರಿನಲ್ಲೂ ಅದೇ ಸುದ್ದಿ. ಎಲ್ಲರೂ ಗ್ರಹಣಕ್ಕೆ ಹೆದರಿದ್ದಾರೆ. ನನಗೆ ಅದೇ ದೇವರು ಕೊಟ್ಟ ಹಾಗಿದೆ.

ಆಗಸ್ಟ್ 2, ಸೋಮವಾರ

ವಾಣಿಯನ್ನು ನೋಡಿದೆ.

ಮುನಿಕೃಷ್ಣ ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಿದ್ದ. ಡಿಸೈನಿನ ಫ್ಲಾಪಿ ಕೆಟ್ಟಿದೆ, ಕಾಪಿ ಮಾಡಿಕೊಡು ಎಂದ. ಅವಳು ಬಾಗಿಲಲ್ಲೇ ನಿಂತಿದ್ದಳು. ತೆಳ್ಳಗಿನ ಹುಡುಗಿ. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ನನ್ನ ಕಡೆ ನೋಡಲಿಲ್ಲ, ಕೀಬೋರ್ಡನ್ನೇ ನೋಡುತ್ತಿದ್ದಳು.

ಫ್ಲಾಪಿ ತಿರುಗುತ್ತಿರುವಾಗ ಮುನಿಕೃಷ್ಣ ಕೌಂಟರಿಗೆ ಒರಗಿಕೊಂಡು ಮಾತು ತೆಗೆದ. "ನಮ್ಮನೆಯೋಳು ಕಂಪ್ಯೂಟರಲ್ಲಿ ಒಳ್ಳೆ ಕೈ ಯೋಗಾ. ಡಿಸೈನ್ ಬಿಟ್ಟು ಇನ್ನೂ ಏನೇನೋ ಬರುತ್ತೆ ಅವ್ಳಿಗೆ." ನಗುತ್ತಲೇ ಹೇಳಿದ. ನಾನೂ ನಕ್ಕೆ.

ಹೊರಡುವಾಗ ಅವಳು ಒಂದೇ ಮಾತಾಡಿದಳು. "ಗ್ರಹಣ ಎಷ್ಟೊತ್ತಿಗೆ ಹಿಡಿಯುತ್ತಂತೆ?" ಗೋಡೆಯ ಕ್ಯಾಲೆಂಡರನ್ನು ಕೇಳಿದ ಹಾಗೆ ಕೇಳಿದಳು. ಸಂಜೆ ಐದು ದಾಟಿದ ಮೇಲಂತೆ ಅಂದೆ. ಮುನಿಕೃಷ್ಣ ಸ್ಕೂಟರ್ ಒದೆಯುತ್ತಿದ್ದ. ಅವನಿಗೆ ಏನೂ ತಿಳಿಯಲಿಲ್ಲ. ಇಡೀ ಮಧ್ಯಾಹ್ನ ನನ್ನನ್ನು ನಾನೇ ಮೆಚ್ಚಿಕೊಂಡೆ.

ಆಗಸ್ಟ್ 6, ಶುಕ್ರವಾರ

ಮುನಿಕೃಷ್ಣ ಊಟವಾದ ಕೂಡಲೇ ಬಂದು ಮೂರನೇ ಕ್ಯಾಬಿನ್ ಸೇರಿದ. ಅವನು ಇಲ್ಲಿದ್ದರೆ ಅವಳು ಅಲ್ಲಿ ನಿರಾಳ. ಈಗೀಗ ಅವನ ಸ್ಕೂಟರಿನ ಸದ್ದು ಕೇಳಿದರೇ ನಾನು ರೂಮು ತೆರೆಯುವುದು.

ಲಾಳಿ ಬಂದಳು. ಸೂತ್ರಧಾರನಾಗಿ ನುಡಿದೆ: "ಗ್ರಹಣ ಹಿಡಿದಾಗ ದಿಡ್ಡಿ ಬಾಗಿಲಿನ ಆಚೆ ಒಂದು ಮೇನೆ ಕಾಯುತ್ತದೆ. ಲಾಳಿ ಹೆದರಬೇಕಿಲ್ಲ."

ರಸಿಕ: ಒನ್ಸ್ ಮೋರ್.

ತಡವರಿಸಿದೆ. ಆದರೆ ರೂಲು ನಾನೇ ಮಾಡಿದ್ದು. ಒಪ್ಪದಿದ್ದರೆ ಎಲ್ಲರಿಗೂ ಅನುಮಾನ. ಬಿಡಿಸಿ ಹೇಳಿದೆ: "ದಿಡ್ಡಿ ಬಾಗಿಲಿನ ಎಡಕ್ಕೆ, ಹುಣಸೆ ಮರದ ಮರೆಯಲ್ಲಿ. ಮೇನೆ ಹೊರುವವನು ಮುದುಕ, ಹಾಡುಗಾರ. ನಂಬಬಹುದು. ಅಣ್ಣನ ಊರಿಗೆ ತಲುಪಿಸುತ್ತಾನೆ."

"ಬರುತ್ತೇನೆ" ಎಂದಳು ಲಾಳಿ. ಅಷ್ಟೇ. ಯಾವ ಪಾತ್ರದ ಯಾವ ಮಾತಿಗೂ ನನಗೆ ಇಷ್ಟು ಅಳು ಬಂದಿರಲಿಲ್ಲ.

ಮೇಘನ ಬೈದಳು. ಅಷ್ಟೊಂದು ಬಿಡಿಸಿ ಹೇಳಬಾರದಿತ್ತು ಎಂದು. ರೂಮಿನಲ್ಲಿ ಇದ್ದವರು ಯಾರು, ಕಾಲೇಜು ಹುಡುಗರು ತಾನೆ ಎಂದೆ.

ಆಗಸ್ಟ್ 11, ಬುಧವಾರ. ಮಧ್ಯಾಹ್ನ

ಅಮಾವಾಸ್ಯೆ. ಒಂದು ಮಗ್ಗದ ಸದ್ದೂ ಇಲ್ಲ. ಬೆಳಗಿನಿಂದ ಕಿವಿಯಲ್ಲಿ ಏನೋ ತುಂಬಿದ ಹಾಗಿದೆ. ಅಮ್ಮ ನೀರಿನ ಪಾತ್ರೆಗೆಲ್ಲ ದರ್ಭೆ ಹಾಕಿದ್ದಾಳೆ, ಬೇಗ ಬಾ ಎಂದಿದ್ದಾಳೆ. ಅಂಗಡಿ ಸಾಲು ಅರ್ಧ ಮುಚ್ಚಿದೆ. ಮಾವ ವ್ಯಾನಿಗೆ ಡೀಸೆಲ್ ಹಾಕಿಸಿದರು. ಸೂಲಿಬೆಲೆಗೆ ಫೋನ್ ಆಯಿತು, ಅಣ್ಣ ದಾರಿ ಕಾಯುತ್ತಿದ್ದಾನೆ. ಇವತ್ತು ಒಂದು ಸಂಜೆ ದಾಟಿಬಿಟ್ಟರೆ ಸಾಕು. ರೂಮು ಮುಚ್ಚಿಬಿಡುತ್ತೇನೆ. ಕೋಟೆಯೂ ಬೇಡ, ಏನೂ ಬೇಡ.

ನಾಲ್ಕೂವರೆ

ಮುನಿಕೃಷ್ಣ ಬಂದಿದ್ದಾನೆ! ಇವತ್ತೂ! ಗ್ರಹಣದ ದಿನವೂ ಮದ್ರಾಸಿನವರಿಗೆ ಮೇಲಂತೆ. ಮೂರನೇ ಕ್ಯಾಬಿನ್. ಅಂಗಡಿಗೆ ಇವತ್ತು ಅವನೊಬ್ಬನೇ ಗಿರಾಕಿ. ಇರಲಿ, ಇಲ್ಲೇ ಇರಲಿ. ಬೇಕಾದರೆ ಬಿಟ್ಟಿಯಾಗಿ ಕೂರಲಿ.

ಲಾಳಿ ರೂಮಿಗೆ ಬಂದಳು. ಒಂದೇ ಸಾಲು. "ಸೀರೆ ಕತ್ತರಿಸಿದೆ."

ಮೊದಲನೆಯವಳ ಸೀರೆ. ಮಗ್ಗದಿಂದ ಇಳಿಸಿದ್ದಾಳೆ. ಇನ್ನು ಅವಳು ಆ ಮನೆಯಲ್ಲಿ ಉಳಿಯುವ ಹಾಗಿಲ್ಲ. ಮಾವ ಹೊರಟಿರಬೇಕು ಈಗ.

ಐದೂಕಾಲು

ಕರೆಂಟ್ ಹೋಯಿತು. ಬಿಸಿಲು ಆಗಲೇ ಮಂಕಾಗಿದೆ, ಅಥವಾ ನನಗೆ ಹಾಗೆ ಕಾಣುತ್ತಿದೆ. ಸ್ಕ್ರೀನಿನಲ್ಲಿ ಎರಡು ಸಾಲು.

ಲಾಳಿ ಹೊರಟರು.

ರಸಿಕ ಹೊರಟರು.

ಲಾಳಿ ಸರಿ. ಅವಳ ಮನೆಗೂ ಇದೇ ಲೈನು. ರಸಿಕ ಯಾಕೆ?

ಜುಲೈನಲ್ಲೂ ಹೀಗೇ ಆಗಿತ್ತು. ಆವತ್ತೂ ಎರಡು ಹೆಸರು ಬಂದಿದ್ದವು. ನಾನು ಒಂದನ್ನು ಮಾತ್ರ ನೋಡಿದ್ದೆ.

ಇದೇ ಲೈನಿನಲ್ಲಿ ಇಂಟರ್ನೆಟ್ ಇರುವ ಇನ್ನೊಂದು ಜಾಗ ಎಲ್ಲಿದೆ? ಇದೆ. ನನ್ನ ಬೆನ್ನ ಹಿಂದೆ ಇದೆ. ಯುಪಿಎಸ್ ಇಲ್ಲದ ಮೂರು ಕಂಪ್ಯೂಟರ್.

ಮೊದಲ ಒನ್ಸ್ ಮೋರ್ ಅವನದು. ಕೊಡ ಜರುಗಿದಾಗೆಲ್ಲ ಅವನೇ. ಮೇನೆಯ ಮಾತಿಗೂ—

ಮೂರನೇ ಕ್ಯಾಬಿನ್ನಿನಿಂದ ಸದ್ದಿಲ್ಲ. ಕರೆಂಟ್ ಹೋದರೆ ಎಲ್ಲರೂ ಬೈದುಕೊಂಡು ಎದ್ದು ಬರುತ್ತಾರೆ. ಅವನು ಬಂದಿಲ್ಲ. ಫೋನ್ ಎತ್ತಿದರೆ ಕೇಳಿಸುತ್ತದೆ. ಮಾವ ಮನೆಯಲ್ಲಿಲ್ಲ, ಮರದ ಹತ್ತಿರ ಇದ್ದಾರೆ.

ಕುರ್ಚಿ ಸರಿಯಿತು. ಚಪ್ಪಲಿ ಸದ್ದು. ಕೌಂಟರಿನ ಎದುರಿಗೆ ಬಂದು ನಿಂತಿದ್ದಾನೆ. ಬಿಲ್ಲು ಬರೆಯುವವನ ಹಾಗೆ ಬರೆಯುತ್ತಲೇ ಇದ್ದೇನೆ. ತಲೆ ಎತ್ತಲು ಧೈರ್ಯವಿಲ್ಲ. ಸ್ಕೂಟರಿನ ಬೀಗದ ಕೈ ಅವನ ಬೆರಳಲ್ಲಿ ತಿರುಗುತ್ತಿದೆ.

"ಯೋಗಾ, ಆ ಮೇನೆ ಹೊರೋ ಮುದುಕ ನಮ್ ಚೌಡಯ್ಯ ಮೇಷ್ಟ್ರೇ ತಾನೆ?"

ಬರೆಯುತ್ತಿದ್ದೇನೆ.

"ಹೇಳಪ್ಪಾ. ಒನ್ಸ್ ಮೋರ್ ಅಂದ್ರೆ ಹೇಳ್ಲೇಬೇಕಲ್ವಾ. ನಿನ್ ರೂಲೇ."

ಹೊರಗೆ ನಿಜವಾಗಿಯೂ ಕತ್ತಲು ಬರುತ್ತಿದೆ. ಅವನು ಬಾಗಿಲ ಕಡೆ ತಿರುಗಿದ. ವಾಣಿ ಈಗ ಅಗುಳಿ ತೆಗೆದು—